ಅಸಲಿ ಯಮಹಾ ಯಾವುದು? ರಸಿಕರಿಗೊಂದು ಕೈಪಿಡಿ

ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರು ಎಂದ ಕೂಡಲೆ ಬಲ್ಲವರು ಟೊಯೊಟಾ 2000 ಜಿಟಿ, ದಾಟ್ಸನ್ 240 ಝಡ್, ನಿಸಾನ್ ಸ್ಕೈಲೈನ್ ಜಿಟಿ-ಆರ್ ಎಂದು ಹೆಸರು ಹೇಳುತ್ತಾರೆ. ಇವು ಯಾವುವೂ ನಮ್ಮಲ್ಲಿ ಮಾರಾಟಕ್ಕೆ ಬಂದವಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಜಪಾನಿನ ವೇಗ ಬಂದದ್ದು ಎರಡು ಚಕ್ರದ ಮೇಲೆ. 1983ರಲ್ಲಿ ಎಸ್ಕಾರ್ಟ್ಸ್ ಕಂಪೆನಿ ಯಮಹಾದ ಪರವಾನಗಿಯಲ್ಲಿ ರಾಜ್‌ದೂತ್ 350 ತಂದಿತು. ಮರುವರ್ಷ ಹೊಸೂರಿನಿಂದ ಇಂಡ್-ಸುಜುಕಿ ಬಂತು. 1985ರ ನವೆಂಬರಿನಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. ಅದಾದ ಮೇಲೆ ಘಟ್ಟದ ರಸ್ತೆಯ ಸದ್ದೇ ಬದಲಾಯಿತು. ಕಾರು ಸಂಗ್ರಹಿಸುವವರಿಗೆ ಸ್ಕೈಲೈನ್ ಹೇಗೋ ನಮ್ಮ ಜಿಲ್ಲೆಯ ಹುಡುಗರಿಗೆ ಈ ಎರಡು ಯಮಹಾಗಳು ಹಾಗೆ. ಆದ್ದರಿಂದ ಅಸಲಿತನ ಗುರುತಿಸುವ ವಿದ್ಯೆಯನ್ನು ಇವುಗಳ ಮೇಲೆಯೇ ಕಲಿಯುವುದು ಸರಿ.

ಇದು ಗಾಡಿ ಕೊಳ್ಳುವವರಿಗಾಗಿ ಬರೆದದ್ದಲ್ಲ. ಬಿ.ಸಿ. ರೋಡಿನ ಗ್ಯಾರೇಜೊಂದರ ಎದುರು ಹಳೆಯ ಆರ್‌ಎಕ್ಸ್ ನಿಂತಿದ್ದರೆ ಅದನ್ನು ಓದಲು ಬರಬೇಕು ಎನ್ನುವವರಿಗಾಗಿ ಬರೆದದ್ದು.

ಮೊದಲ ಪಾಠ, ಬಣ್ಣದ ಹೊಳಪನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊಸದಾಗಿ ಪೇಂಟ್ ಹೊಡೆದು, ಕ್ರೋಮ್ ಮಾಡಿಸಿ, ಸ್ಟಿಕ್ಕರ್ ಅಂಟಿಸಿದ ಗಾಡಿ ಕಣ್ಣಿಗೆ ಚೆನ್ನ, ನಿಜ. ಆದರೆ ಅದು ಹೇಳುವುದು ಕಳೆದ ವರ್ಷದ ಪೇಂಟರ್ ಬಗ್ಗೆ, 1988ರ ಕಾರ್ಖಾನೆಯ ಬಗ್ಗೆ ಅಲ್ಲ. ನನ್ನ ಮಟ್ಟಿಗೆ, ಟ್ಯಾಂಕಿನ ಅಂಚಿನಲ್ಲಿ ತೊಡೆ ಉಜ್ಜಿ ಮಾಸಿದ ಮೂಲ ಬಣ್ಣದ ಗಾಡಿಯೇ ಹೊಸ ಬಣ್ಣದ ಹತ್ತು ಗಾಡಿಗಳಿಗಿಂತ ದೊಡ್ಡದು. ಬಣ್ಣವನ್ನು ಯಾವಾಗ ಬೇಕಾದರೂ ಹೊಡೆಯಬಹುದು, ಮೂಲ ಬಣ್ಣ ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ.

ಹಾಗಾದರೆ ನೋಡುವುದು ಏನನ್ನು? ಸವೆತದಲ್ಲಿ ಹೊಂದಾಣಿಕೆ ಉಂಟೇ ಎಂಬುದನ್ನು. ಮೀಟರು 18,000 ಕಿಲೋಮೀಟರ್ ತೋರಿಸುತ್ತಿದ್ದು, ಕಿಕ್ಕರಿನ ರಬ್ಬರು ನುಣ್ಣಗಾಗಿ, ಗಿಯರ್ ಲಿವರಿನ ತುದಿ ತೆಳುವಾಗಿ, ಬೀಗದ ಕಿಂಡಿ ಅಗಲವಾಗಿದ್ದರೆ ಮೀಟರು ಸುಳ್ಳು ಹೇಳುತ್ತಿದೆ, ಇಲ್ಲವೇ ಅದು ಬೇರೆ ಗಾಡಿಯದು. ಒಂದೇ ಗಾಡಿಯ ಭಾಗಗಳು ಒಟ್ಟಿಗೇ ಮುದಿಯಾಗಿರುತ್ತವೆ. ಎಲ್ಲ ಹಳತಾಗಿ ಒಂದು ಮಾತ್ರ ಹೊಸತಾಗಿದ್ದರೆ, ಅಥವಾ ಎಲ್ಲ ಹೊಸತಾಗಿ ಒಂದು ಮೂಲೆ ಮಾತ್ರ ಹಳತಾಗಿದ್ದರೆ, ಅಲ್ಲಿ ನಿಂತು ಕೇಳಿ.

ಸ್ಕ್ರೂಗಳನ್ನು ನೋಡಲು ಮರೆಯಬೇಡಿ. ಜಪಾನಿ ಮಾನದಂಡದ ಸ್ಕ್ರೂವಿನ ತಲೆಯಲ್ಲಿರುವ ಅಡ್ಡಗೀಟು ಸಾಮಾನ್ಯ ಸ್ಟಾರ್ ಸ್ಕ್ರೂವಿನಂತೆಯೇ ಕಾಣುತ್ತದೆ, ಆದರೆ ಆಳ ಬೇರೆ. ಅನೇಕ ಸಲ ತಲೆಯ ಮೇಲೆ ಒಂದು ಸಣ್ಣ ಚುಕ್ಕೆಯೂ ಇರುತ್ತದೆ. ಅದಕ್ಕೆ ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಗೀಟು ಕಿತ್ತುಹೋಗುತ್ತದೆ. ಎಂಜಿನ್ ಕವರಿನ ಸ್ಕ್ರೂ ತಲೆಗಳು ಗಾಯವಿಲ್ಲದೆ ಇದ್ದರೆ ಆ ಎಂಜಿನನ್ನು ಒಳ್ಳೆಯ ಕೈ ಮುಟ್ಟಿದೆ, ಅಥವಾ ಯಾರೂ ಮುಟ್ಟಿಲ್ಲ. ಎಲ್ಲ ಕಡೆ ಹೊಳೆಯುವ ಆಲನ್ ಬೋಲ್ಟ್ ಕಂಡರೆ ಹಲವು ಸಲ ಬಿಚ್ಚಿ ಕಟ್ಟಿದ್ದಾರೆಂದು ತಿಳಿಯಿರಿ. ಬಿಚ್ಚುವುದು ತಪ್ಪಲ್ಲ, ಆದರೆ ಅದೂ ಆ ಗಾಡಿಯ ಕತೆಯ ಭಾಗ.

ಇನ್ನು ನಂಬರುಗಳು. ಚಾಸಿಸ್ ನಂಬರು ಹ್ಯಾಂಡಲಿನ ಕೆಳಗೆ, ಫ್ರೇಮಿನ ಕತ್ತಿನ ಮೇಲೆ ಗುದ್ದಿರುತ್ತದೆ. ಎಂಜಿನ್ ನಂಬರು ಕ್ರ್ಯಾಂಕ್‌ಕೇಸಿನ ಮೇಲೆ. ಎರಡೂ ಆರ್‌ಸಿಯ ಜೊತೆ ಹೊಂದಬೇಕು. ಹೊಂದಿದರೆ ಸಾಕೇ? ಸಾಲದು. ಅಕ್ಷರಗಳ ನಡುವಿನ ಅಂತರ, ಗುದ್ದಿದ ಆಳ, ಸುತ್ತಲಿನ ಲೋಹದ ಮೈ ಇವನ್ನು ಬೆಳಕು ಅಡ್ಡಲಾಗಿ ಬೀಳುವಂತೆ ಹಿಡಿದು ನೋಡಿ. ಅರ ಹಾಕಿ ಉಜ್ಜಿದ ಗುರುತಿದ್ದರೆ ಅಲ್ಲಿಂದ ಮುಂದೆ ಆ ಗಾಡಿಯ ಯಾವ ಮಾತನ್ನೂ ನಂಬಬೇಡಿ. ಈಚೆಗೆ ಫ್ರೇಮಿಗೆ ದಪ್ಪ ಪೌಡರ್ ಕೋಟಿಂಗ್ ಮಾಡಿಸುವ ರೂಢಿ ಬಂದಿದೆ. ಅದು ನಂಬರನ್ನೇ ತುಂಬಿಬಿಡುತ್ತದೆ. ಮಾಡಿಸಲೇಬೇಕಿದ್ದರೆ ನಂಬರಿನ ಜಾಗ ಮುಚ್ಚಿಸಿ ಮಾಡಿಸಿ.

ಸ್ಕೈಲೈನ್ ಜಿಟಿ-ಆರ್‌ನ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1969ರಲ್ಲಿ ಬಂದ ಆ ಕಾರಿಗೆ ಎಸ್20 ಎಂಬ 1989 ಸಿಸಿಯ, 160 ಅಶ್ವಶಕ್ತಿಯ ಎಂಜಿನಿತ್ತು. ಅದು ಕಡಮೆ ಸಂಖ್ಯೆಯಲ್ಲಿ ತಯಾರಾದದ್ದರಿಂದ, ಸಾಮಾನ್ಯ ಸ್ಕೈಲೈನಿಗೆ ಜಿಟಿ-ಆರ್ ವೇಷ ಹಾಕುವವರು ಹುಟ್ಟಿಕೊಂಡರು. ಸಾಮಾನ್ಯ ಕಾರಿನ ಹಿಂಬದಿಯಲ್ಲಿ ಒಂದು ಉದ್ದನೆಯ ಗೆರೆ ಚಕ್ರದ ಮೇಲಿಂದ ಹಾದುಹೋಗುತ್ತದೆ. ಜಿಟಿ-ಆರ್‌ನಲ್ಲಿ ಚಕ್ರದ ಕಮಾನು ಆ ಗೆರೆಯನ್ನು ಕತ್ತರಿಸುತ್ತದೆ. ವೇಷಧಾರಿಗಳು ಅದನ್ನೂ ಕತ್ತರಿಸಿಬಿಡುತ್ತಾರೆ. ಕೊನೆಗೆ ನಿರ್ಣಯ ಮಾಡುವುದು ಚಾಸಿಸ್ಸಿನ ಮೇಲಿನ ಪಿಜಿಸಿ10 ಅಥವಾ ಕೆಪಿಜಿಸಿ10 ಎಂಬ ಗುರುತು.

ನಮ್ಮಲ್ಲಿ ಇದೇ ವೇಷ ಆರ್‌ಎಕ್ಸ್ 100ಕ್ಕೆ. ಅದರ ತಯಾರಿಕೆ 1996ರ ಮಾರ್ಚಿಗೆ ನಿಂತಿತು. ಆ ಏಪ್ರಿಲ್‌ನಿಂದ ಹೊಗೆಯ ನಿಯಮ ಬಿಗಿಯಾಯಿತು. ಅದರ ಜಾಗಕ್ಕೆ ಬಂದ ಆರ್‌ಎಕ್ಸ್ 135 ಮಾದರಿಗಳು 2005ರವರೆಗೆ ನಡೆದವು. ಮೈಕಟ್ಟು ಒಂದೇ ಬಗೆಯದಾದ್ದರಿಂದ 135ಕ್ಕೆ ಹಳೆಯ ಟ್ಯಾಂಕ್, ಹಳೆಯ ಸ್ಟಿಕ್ಕರ್ ಹಾಕಿ 100 ಎಂದು ತೋರಿಸುವುದು ಕಷ್ಟವಲ್ಲ. ತಿರುಗಾ ಮುರುಗಾ ಕೂಡ ನಡೆಯುತ್ತದೆ. ಆರ್‌ಎಕ್ಸ್ 100ರ ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., ಒಟ್ಟು 98 ಸಿಸಿ, ಶಕ್ತಿ 11 ಬಿಎಚ್‌ಪಿ, ಗಿಯರ್ ನಾಲ್ಕು. 135ರಲ್ಲಿ ಸ್ಟ್ರೋಕ್ ಅಷ್ಟೇ, ಬೋರ್ 58. ಹಾಗಾಗಿ 100ರ ಎಂಜಿನ್ ಮೇಲೆ 135ರ ಬ್ಲಾಕ್ ಕೂರಿಸುವ ಆಸೆ ಬಹಳ ಜನರಿಗೆ. ಗಾಡಿ ಹಾರುತ್ತದೆ, ಒಪ್ಪುತ್ತೇನೆ. ಅದು ಚಂದದ ಗಾಡಿಯೇ ಇರಬಹುದು. ಆದರೆ ಅದನ್ನು ಆರ್‌ಎಕ್ಸ್ 100 ಎಂದು ಕರೆಯುವುದು ಸರಿಯಲ್ಲ. ಐದನೇ ಗಿಯರ್ ಬಿದ್ದರಂತೂ ಮಾತೇ ಬೇಡ.

‘ಜಪಾನ್ ಎಂಜಿನ್’ ಎಂಬ ಮಾತು ಪ್ರತಿ ಮಾರಾಟದಲ್ಲೂ ಕೇಳುತ್ತದೆ. ಮೊದಲ ಕಂತಿನ ಗಾಡಿಗಳು ಜಪಾನಿನಿಂದ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದದ್ದು ನಿಜ. ಆಮೇಲೆ ಭಾಗಗಳು ಒಂದೊಂದಾಗಿ ಇಲ್ಲಿಯೇ ತಯಾರಾದವು. 1994ರ ಗಾಡಿಗೆ ಜಪಾನ್ ಎಂಜಿನ್ ಎಂದರೆ ಅದು ಬೇರೆ ಗಾಡಿಯಿಂದ ಬಂದ ಎಂಜಿನ್, ಇಲ್ಲವೇ ಬರಿಯ ಬಾಯಿಮಾತು. ಇಲ್ಲಿ ತಯಾರಾದ ಗಾಡಿ ಕಡಮೆಯದೆಂದು ನಾನು ಒಪ್ಪುವುದಿಲ್ಲ. ತನ್ನ ವರ್ಷಕ್ಕೆ ತಕ್ಕ ಭಾಗಗಳನ್ನು ಹೊತ್ತ 1994ರ ಗಾಡಿ, ಎಲ್ಲಿಂದಲೋ ತಂದು ಸೇರಿಸಿದ 1986ರ ಗಾಡಿಗಿಂತ ಅಸಲಿ.

ರಾಜ್‌ದೂತ್ 350ರ ಕತೆ ಇನ್ನೂ ಸೂಕ್ಷ್ಮ. 347 ಸಿಸಿ, ಎರಡು ಸಿಲಿಂಡರ್, ಆರು ಗಿಯರ್. ಜಪಾನಿನ ಮೂಲ ಆರ್‌ಡಿ 350ಕ್ಕೆ 39 ಅಶ್ವಶಕ್ತಿ ಮತ್ತು ಮುಂದೆ ಡಿಸ್ಕ್ ಬ್ರೇಕ್. ನಮ್ಮಲ್ಲಿ ಮೈಲೇಜಿನ ಚಿಂತೆಗೆ ಎಂಜಿನನ್ನು ಮೆದು ಮಾಡಿ, ಬೆಲೆಯ ಚಿಂತೆಗೆ ಡ್ರಮ್ ಬ್ರೇಕ್ ಇಟ್ಟರು. ಮೊದಲ ಎಚ್‌ಟಿ (ಹೈ ಟಾರ್ಕ್) ಮಾದರಿಗೆ 30.5 ಬಿಎಚ್‌ಪಿ, ಆಮೇಲಿನ ಎಲ್‌ಟಿಗೆ (ಲೋ ಟಾರ್ಕ್) 27. ಈಗ ಅನೇಕರು ಹೊರದೇಶದಿಂದ ಡಿಸ್ಕ್ ಬ್ರೇಕಿನ ಮುಂಭಾಗ ತರಿಸಿ, ಟ್ಯಾಂಕಿನ ಮೇಲೆ ಯಮಹಾ ಎಂದು ಬರೆಸಿ ‘ಮೂಲಕ್ಕೆ ತಂದೆವು’ ಎನ್ನುತ್ತಾರೆ. ಈ ಗಾಡಿಯ ಮೂಲ ಜಪಾನಿನದಲ್ಲ, ಟ್ಯಾಂಕಿನ ಮೇಲಿನ ರಾಜ್‌ದೂತ್ ಎಂಬ ಹೆಸರೇ ಅದರ ಮೂಲ. ಡ್ರಮ್ ಬ್ರೇಕ್ ದುರ್ಬಲವೆಂದು ಬದಲಿಸುವುದಾದರೆ ಬದಲಿಸಿ, ಜೀವ ದೊಡ್ಡದು. ಆದರೆ ಬಿಚ್ಚಿದ ಡ್ರಮ್ಮನ್ನು ಗುಜರಿಗೆ ಹಾಕಬೇಡಿ.

ಮೂಡುಬಿದಿರೆಯವರಿಗೆ ಈ ವಿದ್ಯೆ ಹೊಸದಾಗಿ ಹೇಳಬೇಕಾದದ್ದಲ್ಲ. ಧವಲ, ಜಯಧವಲ ಎಂಬ ಜೈನ ಗ್ರಂಥಗಳ ತಾಳೆಗರಿಗಳು ಕನ್ನಡ ಲಿಪಿಯಲ್ಲಿ ಉಳಿದದ್ದು ಆ ಊರಿನ ಬಸದಿಯಲ್ಲಿ. ಹಳೆಯ ಗ್ರಂಥ ಸಂಪಾದಿಸುವವರು ಪ್ರತಿಗಳನ್ನು ಎದುರುಬದುರು ಇಟ್ಟು, ಲಿಪಿಕಾರ ಎಲ್ಲಿ ತಿದ್ದಿದ, ಎಲ್ಲಿ ಸೇರಿಸಿದ ಎಂದು ಹುಡುಕುತ್ತಾರೆ. ಗಾಡಿಯ ಮುಂದೆ ಕೂತವರ ಕೆಲಸವೂ ಅದೇ. ಒಂದೇ ಗಾಡಿ ನೋಡಿ ಕಲಿಯಲು ಆಗುವುದಿಲ್ಲ. ಒಂದೇ ವರ್ಷದ ನಾಲ್ಕಾರು ಗಾಡಿಗಳ ಫೋಟೋ ತೆಗೆದಿಟ್ಟುಕೊಂಡು ಮಡ್‌ಗಾರ್ಡ್, ಮೀಟರ್, ಸ್ವಿಚ್, ಸೈಲೆನ್ಸರ್ ಒಂದೊಂದನ್ನೇ ಹೋಲಿಸಿ ನೋಡಿ.

ಕಿವಿಗೂ ಅಭ್ಯಾಸ ಬೇಕು. ಟೂ ಸ್ಟ್ರೋಕ್ ಎಂಜಿನಿನಲ್ಲಿ ಸೈಲೆನ್ಸರ್ ಎಂದರೆ ಸದ್ದು ತಗ್ಗಿಸುವ ಕೊಳವೆಯಷ್ಟೇ ಅಲ್ಲ, ಅದು ಎಂಜಿನಿನದೇ ಅಂಗ. ಹೊಟ್ಟೆ ಉಬ್ಬಿ ಮತ್ತೆ ಕಿರಿದಾಗುವ ಆ ಆಕಾರ ಒತ್ತಡದ ಅಲೆಯನ್ನು ಹಿಂದಕ್ಕೆ ಕಳಿಸಿ, ಸುಡದೆ ಹೊರಗೆ ಜಾರುತ್ತಿರುವ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಈ ಅಲೆ ಒಂದು ವೇಗದ ಹದದಲ್ಲಿ ಮಾತ್ರ ಸರಿಯಾಗಿ ಹೊಂದುತ್ತದೆ. ಚಾರ್ಮಾಡಿ ಹತ್ತುವಾಗ ಮೂಲ ಸೈಲೆನ್ಸರಿನ ಆರ್‌ಎಕ್ಸ್ ತಿರುವಿನಿಂದ ಹೊರಬಂದು, ಮೊದಲು ತುಸು ಮಂಕಾಗಿ, ಆಮೇಲೆ ಒಮ್ಮೆಲೇ ಕೊರಳು ಬಿಟ್ಟು ಎಳೆಯುತ್ತದಲ್ಲ, ಆ ಬದಲಾವಣೆಯ ಕ್ಷಣವನ್ನು ಗುರುತಿಸಲು ಕಲಿಯಿರಿ. ಒಳಗಿನ ಬ್ಯಾಫಲ್ ಕಿತ್ತು ಊರೆಲ್ಲ ಕೇಳುವಂತೆ ಮಾಡಿದ ಗಾಡಿಯಲ್ಲಿ ಆ ಏರಿಳಿತವೇ ಸಿಗುವುದಿಲ್ಲ, ಬರೀ ಗದ್ದಲ. ಇನ್ನೊಂದು: ಈ ಯಮಹಾಗಳಲ್ಲಿ ಟೂಟಿ ಆಯಿಲಿಗೆ ಬೇರೆ ಟ್ಯಾಂಕ್, ಬೇರೆ ಪಂಪ್ ಇರುತ್ತದೆ. ಅನೇಕರು ಪಂಪ್ ತೆಗೆದುಹಾಕಿ ಪೆಟ್ರೋಲಿಗೇ ಎಣ್ಣೆ ಬೆರೆಸುತ್ತಾರೆ. ಪಂಪ್ ಇನ್ನೂ ಕೆಲಸ ಮಾಡುತ್ತಿದೆ ಎಂದರೆ ಆ ಒಡೆಯರಿಗೆ ಒಂದು ನಮಸ್ಕಾರ ಹೇಳಿ.

ಎಲ್ಲವೂ ಮೂಲವೇ ಇರಬೇಕೆಂಬ ಹಟವೂ ಬೇಡ. ಟಯರು, ಚೈನು, ಕೇಬಲ್, ಪ್ಲಗ್, ಪಿಸ್ಟನ್, ರಿಂಗ್ ಇವು ಸವೆಯಲೆಂದೇ ಇರುವ ಸಾಮಾನು. ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದ ಗಾಡಿಯ ಅಸಲಿತನ ಒಂದು ಕೂದಲೆಳೆಯಷ್ಟೂ ಕಡಮೆಯಾಗುವುದಿಲ್ಲ. ಗಾಡಿಯ ಗುರುತು ನಿಂತಿರುವುದು ಫ್ರೇಮು, ಕ್ರ್ಯಾಂಕ್‌ಕೇಸು, ಬ್ಲಾಕು, ಕಾರ್ಬುರೇಟರು, ಟ್ಯಾಂಕು, ಮಡ್‌ಗಾರ್ಡು, ಮೀಟರು, ಸೈಲೆನ್ಸರುಗಳ ಮೇಲೆ.

ಈಗ ರಿಪೇರಿಯ ಮಾತು. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ತುಕ್ಕು ಹೆಚ್ಚಾಗಿ ಹುಟ್ಟುವುದು ಹೊರಗೆ ಕಾಣದ ಕಡೆ. ಸೀಟಿನ ಅಡಿಯ ಕೊಳವೆ, ಟ್ಯಾಂಕಿನ ಹೊಟ್ಟೆ, ಮಡ್‌ಗಾರ್ಡಿನ ಒಳಮೈ, ಹೆಡ್‌ಲೈಟಿನ ಬಟ್ಟಲು, ಕಡ್ಡಿಗಳ ಬುಡ ಇಲ್ಲೆಲ್ಲ ಬೆರಳು ಹಾಕಿ ನೋಡಬೇಕು. ಟ್ಯಾಂಕಿನ ಮೇಲೆ ಚಿಕ್ಕ ಅಯಸ್ಕಾಂತ ಓಡಿಸಿ. ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿ ಬಣ್ಣದ ಕೆಳಗೆ ಪುಟ್ಟಿ ತುಂಬಿದ್ದಾರೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಕಾರ್ಬುರೇಟರಿನಿಂದ ಪೆಟ್ರೋಲ್ ಇಳಿಸಿಬಿಡುವುದು ಒಳ್ಳೆಯದು.

ಎಷ್ಟು ಮಾಡಬೇಕೆಂಬುದಕ್ಕೆ ಜಗತ್ತಿನ ಹಳೆಯ ವಾಹನಪ್ರಿಯರ ಒಕ್ಕೂಟ ಫಿವಾದ ಟ್ಯೂರಿನ್ ಸನ್ನದು ಒಂದು ದಾರಿ ತೋರಿಸಿದೆ: ಮೊದಲು ಕಾಪಿಡುವುದು, ಅದು ಸಾಲದಿದ್ದರೆ ಸ್ಥಿರಗೊಳಿಸುವುದು, ಅದೂ ಸಾಲದಿದ್ದರೆ ಮಾತ್ರ ಪುನರುಜ್ಜೀವನ. ನಮ್ಮ ರೂಢಿ ಉಲ್ಟಾ. ಗಾಡಿ ಬಂದ ದಿನವೇ ಬಿಚ್ಚಿ ಪೇಂಟಿಗೆ ಕೊಡುತ್ತೇವೆ. ಸೋಪು ನೀರಿನಲ್ಲಿ ತೊಳೆದು, ಮೇಣ ಹಾಕಿ ಒರೆಸಿ, ಒಂದು ಮಳೆಗಾಲ ಕಾದು ನೋಡಿದರೆ ಎಷ್ಟೋ ಗಾಡಿಗಳಿಗೆ ಪೇಂಟೇ ಬೇಡವಾಗುತ್ತದೆ. ಕಣ್ಣಿಗೆ ಸಾಣೆ ಹಿಡಿಯಬೇಕಿದ್ದರೆ ಧರ್ಮಸ್ಥಳದ ಕಾರ್ ಮ್ಯೂಸಿಯಮ್ಮಿಗೆ ಹೋಗಿ. ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಆ ಸಂಗ್ರಹದಲ್ಲಿ ಹಳೆಯ ಕಾರುಗಳ ಸಾಲೇ ಇದೆ. ಹೆಸರಿನ ಫಲಕ ಓದಿ ಮುಂದೆ ಹೋಗಬೇಡಿ. ಬಾಗಿಲಿನ ಸಂದು ಎರಡೂ ಕಡೆ ಸಮವೇ, ಡಯಲ್ಲಿನ ಅಕ್ಷರ ಯಾವ ಕಾಲದ್ದು, ಎಲ್ಲಿ ಕೈಯ ಕೆಲಸ, ಎಲ್ಲಿ ಯಂತ್ರದ ಕೆಲಸ ಎಂದು ಒಂದೇ ಕಾರಿನ ಮುಂದೆ ಹೊತ್ತು ಕಳೆಯಿರಿ.

ಗ್ಯಾರೇಜಿನ ಹಿರಿಯರ ಜೊತೆ ಮಾತಾಡಲು ಸಂಕೋಚ ಬೇಡ. ‘ಅಣ್ಣಾ, ಇದರ ಹಳೇ ಸೈಲೆನ್ಸರ್ ಉಂಟಾ?’ ಎಂದು ಕೇಳಿದರೆ ಎಷ್ಟೋ ಸಲ ಅಟ್ಟದಿಂದ ಕೆಳಗಿಳಿಯುತ್ತದೆ. ‘ಕಂಪೆನಿ ಸಾಮಾನು ಮಾರಾಯ್ರೆ, ಬಿಸಾಡಬೇಡಿ’ ಎಂದು ಅವರೇ ಎಚ್ಚರಿಸುವುದೂ ಉಂಟು. ಬಿಚ್ಚಿದ ಪ್ರತಿ ಭಾಗಕ್ಕೂ ದಿನಾಂಕ ಬರೆದು ಡಬ್ಬಿಯಲ್ಲಿಡಿ, ಬಿಚ್ಚುವ ಮೊದಲು ಫೋಟೋ ತೆಗೆಯಿರಿ.

ಕಾನೂನಿನ ದೃಷ್ಟಿಯೂ ಇದಕ್ಕೆ ದೂರವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿಸ್ಸು, ಮೈ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗದ ಗಾಡಿಗೆ ವಿಎ ಎಂಬ ಗುರುತಿನ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000. ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕೆ ಮಾತ್ರ. ಮೊದಲ ರಾಜ್‌ದೂತ್ 350ಗೆ 50 ತುಂಬುವುದು 2033ರಲ್ಲಿ, ಮೊದಲ ಆರ್‌ಎಕ್ಸ್ 100ಕ್ಕೆ 2035ರಲ್ಲಿ. ಅಲ್ಲಿಯವರೆಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿ ಇಟ್ಟುಕೊಳ್ಳಬೇಕು, ಮೊದಲ ಒಡೆಯರ ಬಿಲ್ಲು, ವಿಮೆಯ ಕಾಗದ, ಟೂಲ್ ಕಿಟ್ ಸಿಕ್ಕಿದರೆ ಗಾಡಿಯ ಜೊತೆಗೇ ಕೇಳಿ ಪಡೆಯಬೇಕು. ಮನೆಯ ಕಪಾಟಿನಲ್ಲಿ ಆ ಬಿಲ್ಲು ಇನ್ನೂ ಇದೆಯೇ ಎಂದು ಅಜ್ಜನ ಹತ್ತಿರ, ಮಾವನ ಹತ್ತಿರ ಈಗಲೇ ವಿಚಾರಿಸಿ.