ಪದವಿ ತರಗತಿಯಲ್ಲಿ ಪರರಾಷ್ಟ್ರಚಿಂತನೆ

ಪ್ರಥಮ ಮಹಾಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ಸ್ಮರಣಾರ್ಥವಾಗಿ, ಡೇವಿಡ್ ಡೇವೀಸ್ ಎಂಬ ಧನಿಕರೂ ಅವರ ಸೋದರಿಯರೂ ಇತ್ತ ದತ್ತಿಯಿಂದ, ವೇಲ್ಸಿನ ಕಡಲತಡಿಯ ಅಬೆರಿಸ್ಟ್ವಿತ್ ಪಟ್ಟಣದ ಕಾಲೇಜಿನಲ್ಲಿ 1919ರಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಮೊತ್ತಮೊದಲ ಪ್ರಾಧ್ಯಾಪಕಪೀಠವು ಸ್ಥಾಪಿತವಾದಾಗ, ಯುದ್ಧವು ಏತಕ್ಕೆ ಉಂಟಾಗುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬ ಪ್ರಶ್ನೆಗಳಿಗೆ ವಿದ್ವತ್ತಿನ ಮೂಲಕ ಉತ್ತರ ದೊರೆತೀತೆಂಬ ಶ್ರದ್ಧೆಯು ಅದರ ಹಿಂದೆ ಇದ್ದಿತು. ಶತಮಾನವೊಂದು ಕಳೆದ ಮೇಲೆ ಆ ವ್ಯಾಸಂಗವು ಹದಿನೆಂಟರ ಹರೆಯದವರು ಮೂರು ನಾಲ್ಕು ವರ್ಷ ಓದಿ ಪಡೆಯುವ ಪದವಿಯಾಗಿ ದೇಶದೇಶಗಳಲ್ಲಿ ಹರಡಿದೆ. ಅಷ್ಟು ಎಳೆಯ ವಯಸ್ಸಿನಲ್ಲಿ, ಬೇರೆ ಯಾವ ಶಾಸ್ತ್ರದ ಆಸರೆಯೂ ಇಲ್ಲದೆ, ಇದೊಂದನ್ನೇ ವ್ಯಾಸಂಗ ಮಾಡುವುದು ಎಷ್ಟುಮಟ್ಟಿಗೆ ಯುಕ್ತ ಎಂಬುದು ವಿಚಾರಾರ್ಹವಾದ ವಿಷಯ.

ಈ ಶಾಸ್ತ್ರವನ್ನು ಕಟ್ಟಿದವರ ವಿದ್ಯಾಭ್ಯಾಸವನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಅಬೆರಿಸ್ಟ್ವಿತ್ ಪೀಠವನ್ನು ಮೊದಲು ಅಲಂಕರಿಸಿದ ಆಲ್ಫ್ರೆಡ್ ಜಿಮ್ಮರ್ನ್ ಪ್ರಾಚೀನ ಗ್ರೀಸಿನ ರಾಜ್ಯವ್ಯವಸ್ಥೆಯನ್ನು ಕುರಿತು ಗ್ರಂಥ ರಚಿಸಿದ್ದ ವಿದ್ವಾಂಸರು. 1936ರಲ್ಲಿ ಅದೇ ಪೀಠಕ್ಕೆ ಬಂದು, ಎರಡನೆಯ ಮಹಾಯುದ್ಧ ಸಿಡಿದ 1939ರಲ್ಲಿ ತಮ್ಮ ಪ್ರಖ್ಯಾತ ಕೃತಿಯನ್ನು ಪ್ರಕಟಿಸಿದ ಇ. ಎಚ್. ಕಾರ್ ಇಪ್ಪತ್ತು ವರ್ಷ ಬ್ರಿಟನ್ನಿನ ವಿದೇಶಾಂಗ ಖಾತೆಯಲ್ಲಿ ದುಡಿದು, ರಷ್ಯನ್ ಭಾಷೆಯನ್ನು ಕಲಿತು, ಮುಂದೆ ಸೋವಿಯತ್ ರಷ್ಯದ ಬೃಹತ್ ಇತಿಹಾಸವನ್ನು ಬರೆದವರು. 1948ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಕೈಗೆ ಈ ವಿಷಯದ ಪ್ರಮುಖ ಪಠ್ಯವನ್ನಿತ್ತ ಹಾನ್ಸ್ ಮಾರ್ಗೆಂಥಾವ್ ಜರ್ಮನಿಯಲ್ಲಿ ನ್ಯಾಯಶಾಸ್ತ್ರವನ್ನು ಓದಿದವರು. ಹೊಸ ಶಾಸ್ತ್ರವೊಂದರ ಆದ್ಯರು ಅನ್ಯಶಾಸ್ತ್ರಗಳಿಂದ ಬರುವುದು ಸಹಜವೇ, ಅದರಿಂದಲೇ ಇಂದಿನ ಪದವಿ ವ್ಯರ್ಥವೆಂದು ಸಾಧಿಸಲಾಗದು ಎಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದರೂ ಆ ಮಹನೀಯರ ಸಿದ್ಧಾಂತಗಳಿಗೆ ತೂಕ ಬಂದುದು ಅವರ ಇತಿಹಾಸಜ್ಞಾನದಿಂದ, ಭಾಷಾಜ್ಞಾನದಿಂದ, ನ್ಯಾಯಶಾಸ್ತ್ರದ ಶಿಸ್ತಿನಿಂದ. ಆ ಸಾಮಗ್ರಿಯನ್ನು ಬದಿಗಿರಿಸಿ ಸಿದ್ಧಾಂತವನ್ನು ಮಾತ್ರ ಮಕ್ಕಳ ಕೈಗಿಟ್ಟರೆ ಆಗುವುದೇನೆಂಬುದೇ ನನ್ನ ಚಿಂತೆ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಕೆನೆತ್ ವಾಲ್ಟ್ಜ್ 1959ರಲ್ಲಿ ಪ್ರತಿಪಾದಿಸಿದ ಒಂದು ವಿಧಾನವನ್ನು ಈ ಪದವಿಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ವರ್ಷದಲ್ಲಿಯೇ ಕಲಿಯುತ್ತಾರೆ: ಯುದ್ಧದ ಕಾರಣವನ್ನು ಮನುಷ್ಯಸ್ವಭಾವದಲ್ಲಿ, ರಾಜ್ಯದ ಆಂತರಿಕ ರಚನೆಯಲ್ಲಿ, ಮೇಲೊಬ್ಬ ದಂಡಧರನಿಲ್ಲದ ರಾಷ್ಟ್ರಸಮೂಹದ ಸ್ಥಿತಿಯಲ್ಲಿ, ಹೀಗೆ ಮೂರು ನೆಲೆಗಳಲ್ಲಿ ಶೋಧಿಸಬೇಕೆಂಬುದು ಅದರ ತಿರುಳು. ಇದನ್ನು ಅರಿತ ವಿದ್ಯಾರ್ಥಿಯು 1962ರ ಚೀನಾ ಯುದ್ಧವನ್ನು ಕುರಿತು ಯೋಚಿಸುವಾಗ ನೆಹರೂ ಅವರ ಅಥವಾ ರಕ್ಷಣಾಮಂತ್ರಿ ಕೃಷ್ಣ ಮೆನನ್ನರ ಮೇಲೆ ಸಕಲ ದೋಷವನ್ನೂ ಹೊರಿಸಿ ಕೈತೊಳೆದುಕೊಳ್ಳನು. ಟಿಬೆಟ್ಟಿನ ದಂಗೆಯೂ 1959ರಲ್ಲಿ ದಲೈ ಲಾಮಾ ನಮ್ಮಲ್ಲಿ ಆಶ್ರಯ ಪಡೆದುದೂ ಬೀಜಿಂಗಿನ ಮನಸ್ಸನ್ನು ಹೇಗೆ ಕಲಕಿರಬಹುದೆಂದು ವಿಚಾರಿಸುವನು. ಚೀನಾ ಮತ್ತು ಸೋವಿಯತ್ ರಷ್ಯಗಳ ನಡುವಣ ಬಿರುಕನ್ನು ನೆನೆಯುವನು. ಅಕ್ಟೋಬರ್ 20ರಂದು ನಮ್ಮ ಗಡಿಯ ಮೇಲೆ ದಾಳಿಯಾದ ಬೆನ್ನಲ್ಲೇ ಕ್ಯೂಬಾದ ಕ್ಷಿಪಣಿಗಳ ಬಿಕ್ಕಟ್ಟು ಬಹಿರಂಗವಾಗಿ ಇಡೀ ಜಗತ್ತು ಉಸಿರು ಬಿಗಿಹಿಡಿಯಿತೆಂಬುದನ್ನು ಲಕ್ಷಿಸುವನು. ತನ್ನ ದೇಶವನ್ನು ಪರರ ದೃಷ್ಟಿಯಿಂದ ಕ್ಷಣಕಾಲ ನೋಡಬಲ್ಲ ಈ ಸಂಯಮವು, ಪ್ರಜಾಪ್ರಭುತ್ವದಲ್ಲಿ ಮತ ಚಲಾಯಿಸುವ ಪ್ರತಿಯೊಬ್ಬನಿಗೂ ಇರಬೇಕಾದುದು. ಆತ್ಮರಕ್ಷಣೆಗೆಂದು ಒಂದು ರಾಜ್ಯ ಕೂಡಿಸುವ ಆಯುಧವೇ ನೆರೆರಾಜ್ಯದ ಭೀತಿಗೆ ಕಾರಣವಾಗಿ ಇಬ್ಬರನ್ನೂ ಅಭದ್ರಗೊಳಿಸುತ್ತದೆಂಬ ಜಾನ್ ಹರ್ಜ್ ಅವರ ವಿಚಾರವೂ ಅಷ್ಟೇ ಅಮೂಲ್ಯವಾದುದು.

ಆದರೆ ಅದೇ 1962ನ್ನು ಇನ್ನೊಂದು ಬಗೆಯಿಂದ ನೋಡೋಣ. 1913–14ರ ಸಿಮ್ಲಾ ಸಮ್ಮೇಳನದಲ್ಲಿ ಮ್ಯಾಕ್‌ಮಹೋನ್ ರೇಖೆ ಹೇಗೆ ಉದ್ಭವಿಸಿತು, ಚೀನಾ ಅದನ್ನು ಏಕೆ ಅಂಗೀಕರಿಸಲಿಲ್ಲ, ಅಕ್ಸಾಯ್ ಚಿನ್ನಿನ ವಿಷಯದಲ್ಲಿ 1865ರ ಜಾನ್ಸನ್ ರೇಖೆಗೂ 1899ರ ಬ್ರಿಟಿಷ್ ಪ್ರಸ್ತಾಪಕ್ಕೂ ಇರುವ ಅಂತರವೇನು, ಆ ಪ್ರದೇಶದ ಮೂಲಕ 1957ರಲ್ಲಿ ಪೂರ್ಣಗೊಂಡ ರಸ್ತೆಯು ಚೀನಾಕ್ಕೆ ಏತಕ್ಕಾಗಿ ಅಷ್ಟು ಅವಶ್ಯವಾಗಿದ್ದಿತು ಎಂಬುದಾವುದನ್ನೂ ಅರಿಯದವನು ಮೂರು ನೆಲೆಗಳ ಹೆಸರು ಹೇಳಿ ಉತ್ತರಪತ್ರಿಕೆಯನ್ನು ತುಂಬಬಲ್ಲನು, ಉತ್ತಮ ಅಂಕಗಳನ್ನೂ ಗಳಿಸಬಲ್ಲನು. ವಾಸ್ತವವಾದ, ಉದಾರವಾದ, ರಚನಾವಾದಗಳೆಂಬ ವಾದಗಳ ಸಾಲು ಬಾಯಿಗೆ ಬಂದ ಮಾತ್ರದಿಂದ ಲೋಕ ತಿಳಿಯಿತೆಂಬ ಭ್ರಮೆಯನ್ನು ಹುಟ್ಟಿಸುವುದು ಈ ಪದವಿಯ ಮಹಾದೋಷ. ಅನೇಕ ಪಠ್ಯಕ್ರಮಗಳಲ್ಲಿ ಪರಭಾಷೆಯು ಐಚ್ಛಿಕ. ಭೂಗೋಳವಂತೂ ಬಹುತೇಕ ಅದೃಶ್ಯ.

ಭಾಷಾಜ್ಞಾನದ ಮಹಿಮೆಗೆ ನಮ್ಮ ನಾಡಿನಲ್ಲಿಯೇ ಪ್ರಮಾಣವುಂಟು. ತಂಜಾವೂರು ಸೀಮೆಯಿಂದ ಬಂದ, ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಗುರುತಿಸಿ, ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮುದ್ರಿಸಿ, 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಲೋಕಕ್ಕಿತ್ತ ಆರ್. ಶಾಮಾಶಾಸ್ತ್ರಿಗಳು ಯಾವ ಪರರಾಷ್ಟ್ರಶಾಸ್ತ್ರದ ಪದವೀಧರರೂ ಆಗಿರಲಿಲ್ಲ. ಅದರ ಆರನೆಯ ಅಧಿಕರಣದ ಮಂಡಲಸಿದ್ಧಾಂತ, ಏಳನೆಯದರ ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೆಂಬ ಷಾಡ್ಗುಣ್ಯ, ಇವೆಲ್ಲವೂ ಇಂದಿನ ವಿದ್ಯಾರ್ಥಿಗೆ ಲಭ್ಯವಾದುದು ಸಂಸ್ಕೃತವನ್ನೂ ಹಳೆಯ ಲಿಪಿಯನ್ನೂ ತಾಳ್ಮೆಯಿಂದ ಅಭ್ಯಾಸಮಾಡಿದ ಆ ಪಂಡಿತರ ಶ್ರಮದಿಂದ. ಭಾರತದ ವಿದ್ಯಾರ್ಥಿಗಳು ಈ ಗ್ರಂಥವನ್ನು ಮ್ಯಾಕಿಯವೆಲ್ಲಿಯೊಡನೆ ಹೋಲಿಸಿದ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಸ್ವಾತಂತ್ರ್ಯಾನಂತರ ನಮ್ಮ ಹಿರಿಯರು ಇಟ್ಟ ಹೆಜ್ಜೆ ವಿವೇಕಯುತವಾಗಿದ್ದಿತು. 1955ರಲ್ಲಿ ದೆಹಲಿಯ ಸಪ್ರೂ ಹೌಸಿನಲ್ಲಿ ಎ. ಅಪ್ಪಾದೊರೈ ಅವರ ನಿರ್ದೇಶಕತ್ವದಲ್ಲಿ ಆರಂಭವಾಗಿ, 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದೊಡನೆ ಐಕ್ಯವಾದ ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆಯು ಈ ವಿಷಯವನ್ನು ಒಂದು ಪದವಿಯನ್ನು ಪಡೆದು ಬಂದವರ ಸಂಶೋಧನೆಗೆ ಮೀಸಲಿಟ್ಟಿತು. ಇಂದಿಗೂ ನಮ್ಮ ವಿದೇಶಾಂಗ ಸೇವೆಯ ಪರೀಕ್ಷೆಗೆ ಯಾವ ವಿಷಯದ ಪದವಿಯಾದರೂ ಸಾಕು. ಆಯ್ಕೆಯಾದವನು ಮಾತ್ರ ಒಂದು ಪರಭಾಷೆಯನ್ನು ಕಡ್ಡಾಯವಾಗಿ ಕಲಿಯಲೇಬೇಕು. ರಾಯಭಾರಿಗೆ ಮುಖ್ಯವಾಗಿ ಬೇಕಾದುದು ಏನೆಂಬುದನ್ನು ಸರಕಾರವು ಚೆನ್ನಾಗಿಯೇ ಬಲ್ಲುದು.

ಆದಕಾರಣ ಈ ಪದವಿಯನ್ನು ಆರಿಸಿಕೊಳ್ಳಬಯಸುವ ತರುಣ ತರುಣಿಯರಲ್ಲಿ ನನ್ನ ಬಿನ್ನಹವಿಷ್ಟೆ: ಕಾಲೇಜಿನ ಕೀರ್ತಿಯನ್ನು ಕೇಳುವ ಮೊದಲು ಪಠ್ಯಕ್ರಮವನ್ನು ತರಿಸಿ ಓದಿರಿ. ಒಂದು ಪರಭಾಷೆಯನ್ನು ಕನಿಷ್ಠ ಎರಡು ವರ್ಷ ಕಡ್ಡಾಯವಾಗಿ ಕಲಿಸುವ, ಏಷ್ಯದ ಇತಿಹಾಸಕ್ಕೆ ಯೂರೋಪಿನ ಇತಿಹಾಸದಷ್ಟೇ ಸ್ಥಾನವನ್ನು ಕೊಡುವ, ಒಪ್ಪಂದಗಳ ಮೂಲಪಾಠವನ್ನು ವಿದ್ಯಾರ್ಥಿಯಿಂದಲೇ ಓದಿಸುವ ಕಡೆ ನಿಸ್ಸಂಕೋಚವಾಗಿ ಸೇರಿರಿ. ಇವಿಲ್ಲದ ಕಡೆ ಹಣವನ್ನೂ ಹರೆಯವನ್ನೂ ವ್ಯಯಿಸುವುದಕ್ಕಿಂತ ಇತಿಹಾಸದಲ್ಲಿಯೋ ಅರ್ಥಶಾಸ್ತ್ರದಲ್ಲಿಯೋ ನ್ಯಾಯಶಾಸ್ತ್ರದಲ್ಲಿಯೋ ಪದವಿಯನ್ನು ಪಡೆದು, ಅಂತರರಾಷ್ಟ್ರೀಯ ಸಂಬಂಧಗಳನ್ನು ಸ್ನಾತಕೋತ್ತರ ತರಗತಿಯಲ್ಲಿ ಕೈಗೆತ್ತಿಕೊಳ್ಳುವುದೇ ಲೇಸು.