ಗುಂಡಿನ ಸೀಸ ಕಲಿಸಿದ ಪಾಠ

ವಿಧಿವಿಜ್ಞಾನದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಮೊದಲು ಕಲಿಯಬಯಸುವುದು ಉಪಕರಣಗಳನ್ನು. ರೋಹಿತಮಾಪಕ, ಕ್ರೊಮಟೋಗ್ರಾಫ್, ದ್ರವ್ಯರಾಶಿ ರೋಹಿತಮಾಪಕ ಇವುಗಳ ತತ್ತ್ವ ಮತ್ತು ಬಳಕೆಯನ್ನು ಅರಿಯುವುದು ಅವಶ್ಯಕವೇ ಸರಿ. ಆದರೆ ಅಳತೆ ಸರಿಯಾಗಿದ್ದೂ ಅದರಿಂದ ಹೊರಡಿಸಿದ ತೀರ್ಮಾನ ತಪ್ಪಾಗಬಹುದೆಂಬುದನ್ನು ನಮ್ಮ ಬೋಧನೆ ಸಾಕಷ್ಟು ಒತ್ತಿ ಹೇಳುತ್ತಿಲ್ಲ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಅನುಸರಿಸುತ್ತಿದ್ದ 'ಗುಂಡಿನ ಸೀಸದ ಹೋಲಿಕೆ' ವಿಧಾನ ಇದಕ್ಕೆ ತಕ್ಕ ನಿದರ್ಶನ.

ಬಂದೂಕಿನಿಂದ ಹಾರಿದ ಗುಂಡು ನಜ್ಜುಗುಜ್ಜಾದರೆ, ನಳಿಕೆಯ ಗೀರುಗಳನ್ನು ಅದರ ಮೇಲೆ ಗುರುತಿಸಲಾಗದು. ಆಗ ಉಳಿಯುವುದು ಅದರ ರಾಸಾಯನಿಕ ಸಂಯೋಜನೆ. ಗುಂಡಿನ ಚೂರನ್ನು ಆಮ್ಲದಲ್ಲಿ ಕರಗಿಸಿ, ದ್ರಾವಣವನ್ನು ಸಾವಿರಾರು ಕೆಲ್ವಿನ್ ತಾಪದ ಆರ್ಗಾನ್ ಪ್ಲಾಸ್ಮಾದೊಳಕ್ಕೆ ಸಿಂಪಡಿಸಲಾಗುತ್ತಿತ್ತು. ಉದ್ರಿಕ್ತ ಪರಮಾಣುಗಳು ಸೂಸುವ ಬೆಳಕಿನ ತರಂಗದೂರ, ಧಾತು ಯಾವುದೆಂದು ಹೇಳುತ್ತದೆ; ರೇಖೆಯ ತೀವ್ರತೆ, ಅದು ಎಷ್ಟಿದೆಯೆಂದು ಹೇಳುತ್ತದೆ. ಹೀಗೆ ಆರ್ಸೆನಿಕ್, ಆಂಟಿಮನಿ, ತವರ, ತಾಮ್ರ, ಬಿಸ್ಮತ್, ಬೆಳ್ಳಿ, ಕ್ಯಾಡ್ಮಿಯಂ ಎಂಬ ಏಳು ಧಾತುಗಳ ಪ್ರಮಾಣವನ್ನು ಅಳೆದು, ಘಟನಾ ಸ್ಥಳದ ಗುಂಡನ್ನು ಆರೋಪಿಯ ಬಳಿ ಸಿಕ್ಕ ಗುಂಡುಗಳೊಂದಿಗೆ ಹೋಲಿಸುತ್ತಿದ್ದರು. 1980ರ ದಶಕದ ಆರಂಭದಿಂದ ಸುಮಾರು 2,500 ಪ್ರಕರಣಗಳಲ್ಲಿ ಈ ಪರೀಕ್ಷೆ ನಡೆಯಿತು.

2004ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇದನ್ನು ಪರಿಶೀಲಿಸಿ ವರದಿ ನೀಡಿತು. ಅಳತೆಯ ವಿಧಾನ ವಿಶ್ವಾಸಾರ್ಹವೆಂದೇ ಅದು ಹೇಳಿತು. ದೋಷವಿದ್ದುದು ಎರಡು ಕಡೆ.

ಮೊದಲನೆಯದು ಹೋಲಿಕೆಯ ಗಣಿತ. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಮೂರು ಗುಂಡುಗಳಲ್ಲಿ ಆಂಟಿಮನಿ ಕ್ರಮವಾಗಿ ಶೇಕಡ 0.60, 0.65 ಮತ್ತು 0.70 ಇದೆಯೆನ್ನಿ. ಪ್ರತಿಯೊಂದರ ಅನಿಶ್ಚಿತತೆ ±0.03. ಮೊದಲನೆಯದರ ವ್ಯಾಪ್ತಿ ಎರಡನೆಯದರೊಂದಿಗೆ, ಎರಡನೆಯದರದು ಮೂರನೆಯದರೊಂದಿಗೆ ಅತಿಕ್ರಮಿಸುತ್ತದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಅತಿಕ್ರಮಣವಿಲ್ಲ. ಆದರೂ ಸರಪಣಿ ಜೋಡಿಸಿದಂತೆ ಮೂರನ್ನೂ ಒಂದೇ ಗುಂಪಿಗೆ ಸೇರಿಸಲಾಗುತ್ತಿತ್ತು. ಈ ಪದ್ಧತಿಯನ್ನು ಕೈಬಿಡಬೇಕೆಂದು ಮಂಡಳಿ ಸೂಚಿಸಿತು.

ಎರಡನೆಯದು ಇನ್ನೂ ಗಂಭೀರ. ಎರಡು ಗುಂಡುಗಳ ಸಂಯೋಜನೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ಅವು ಒಂದೇ ಪೆಟ್ಟಿಗೆಯವು ಎನ್ನಬಹುದೇ? ಸೀಸವನ್ನು ಟನ್ನುಗಟ್ಟಲೆ ಕರಗಿಸಿ ಎರಕ ಹೊಯ್ಯುತ್ತಾರೆ. ಸಂಯೋಜನೆಯಲ್ಲಿ ಬೇರ್ಪಡಿಸಲಾಗದ ಸೀಸದ ಒಂದು ರಾಶಿಯಿಂದ 12,000ದಿಂದ 3.5 ಕೋಟಿಯವರೆಗೆ ಸಣ್ಣ ಗುಂಡುಗಳು ತಯಾರಾಗಬಹುದೆಂದು ವರದಿ ತಿಳಿಸುತ್ತದೆ. ಅಲ್ಲದೆ ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ಸಂಯೋಜನೆಯ ಗುಂಡುಗಳೂ ಇರಬಹುದು. ಹೀಗಿರುವಾಗ ನ್ಯಾಯಾಲಯದಲ್ಲಿ ಇಂಥದೇ ಪೆಟ್ಟಿಗೆಯ ಗುಂಡು ಎಂದು ಸಾಕ್ಷ್ಯ ಹೇಳಲು ಆಧಾರವಿಲ್ಲ. 2005ರ ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ ಈ ಪರೀಕ್ಷೆಯನ್ನು ನಿಲ್ಲಿಸಿತು.

ರೋಹಿತದರ್ಶನ ಇಲ್ಲಿ ಸೋಲಲಿಲ್ಲ. ಅದು 'ಈ ಚೂರಿನಲ್ಲಿ ಏನು, ಎಷ್ಟು ಇದೆ?' ಎಂಬ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿತು. 'ಇದು ಎಲ್ಲಿಂದ ಬಂತು?' ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರಿಸಲು ಆ ಸಂಯೋಜನೆ ಹೊರಗಿನ ಜಗತ್ತಿನಲ್ಲಿ ಎಷ್ಟು ಸಾಮಾನ್ಯ ಎಂಬುದು ತಿಳಿದಿರಬೇಕು. ಈ ಮಾಹಿತಿ ಯಾವ ಪ್ಲಾಸ್ಮಾದಲ್ಲಿಯೂ ಬೆಳಗುವುದಿಲ್ಲ.

ಈ ವಿವೇಕವನ್ನು ಕಲಿಸಲು ದುಬಾರಿ ಯಂತ್ರ ಬೇಕಿಲ್ಲ. ಕಾಲೇಜಿನ ಕಲರಿಮೀಟರ್ ಸಾಕು. ಅಧ್ಯಾಪಕರು ತುಸು ಭಿನ್ನ ಸಾರತೆಯ ಮೂರು ಮೈಲುತುತ್ತದ ದ್ರಾವಣಗಳನ್ನು ತಯಾರಿಸಿ, ಅವುಗಳಿಂದ ಹನ್ನೆರಡು ಶೀಷೆಗಳನ್ನು ತುಂಬಿ, ಗುಪ್ತಸಂಖ್ಯೆ ಹಚ್ಚಿ ಕೊಡಲಿ. ಯಾವ ಶೀಷೆಗಳು ಒಂದೇ ದ್ರಾವಣದಿಂದ ಬಂದವೆಂದು ವಿದ್ಯಾರ್ಥಿಗಳು ನಿರ್ಧರಿಸಲಿ. ಕೊನೆಗೆ ಗುಟ್ಟನ್ನು ಬಿಡಿಸಿ, ಎಷ್ಟು ಜೋಡಿಗಳನ್ನು ತಪ್ಪಾಗಿ 'ಒಂದೇ' ಎಂದರೆಂಬುದನ್ನು ಎಣಿಸಲಿ. ದಾಖಲೆ ಪುಸ್ತಕದಲ್ಲಿ ಹೀರಿಕೆಯ ಅಳತೆಯ ಪಕ್ಕದಲ್ಲೇ ಈ ಸಂಖ್ಯೆಯೂ ಇರಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆನ್ನುತ್ತದೆ; ಇದನ್ನು ಅಳವಡಿಸಿಕೊಳ್ಳಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ನಮ್ಮ ತರಗತಿಯಲ್ಲಿರುವವರೇ ನಾಳೆ ಆ ತಜ್ಞರಾಗಬಹುದು. ಅವರ ಒಂದು ವಾಕ್ಯದ ಮೇಲೆ ಒಬ್ಬರ ಸ್ವಾತಂತ್ರ್ಯ ನಿಂತಿರುತ್ತದೆ. 'ಅಳತೆ ಇಷ್ಟು ಹೇಳುತ್ತದೆ, ಇದಕ್ಕಿಂತ ಹೆಚ್ಚು ಹೇಳುವುದಿಲ್ಲ' ಎನ್ನುವ ಧೈರ್ಯವನ್ನೂ ಪಠ್ಯದ ಭಾಗವಾಗಿಯೇ ಕಲಿಸಬೇಕಾಗಿದೆ.