ಗೇಟೊರೇಡ್ ಯಾವ ಬಣ್ಣ? ಸೂಪರ್ ಬೌಲ್ ಪಣಗಳನ್ನು ಓದುವ ಬಗೆ

ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಂದೆರಡು ವಾರ ಇರುವಾಗ ಪ್ರತಿ ವರ್ಷ ಒಂದು ವಿಚಿತ್ರ ಬಗೆಯ ಬರವಣಿಗೆ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಇರುವುದೆಲ್ಲ ಪ್ರಶ್ನೆಗಳೇ. ಟಾಸ್‌ನಲ್ಲಿ ಬೀಳುವುದು ಹೆಡ್ಡೋ ಟೇಲೋ? ರಾಷ್ಟ್ರಗೀತೆ ಹಾಡುವವರು ಎರಡು ನಿಮಿಷ ದಾಟುತ್ತಾರೋ ಇಲ್ಲವೋ? ಮಧ್ಯಂತರದ ಕಾರ್ಯಕ್ರಮದಲ್ಲಿ ಮೊದಲ ಹಾಡು ಯಾವುದು? ಗೆದ್ದ ತಂಡದ ಆಟಗಾರರು ತಮ್ಮ ಕೋಚ್ ತಲೆಯ ಮೇಲೆ ಸುರಿಯುವ ಗೇಟೊರೇಡ್ ಯಾವ ಬಣ್ಣದ್ದು? ಇವಕ್ಕೆ ಪ್ರಾಪ್ ಬೆಟ್ ಎಂದು ಹೆಸರು. ಪ್ರೊಪೊಸಿಷನ್ ಎಂಬ ಪದದ ಮೊಟಕು ರೂಪ. ಯಾರು ಗೆಲ್ಲುತ್ತಾರೆ ಎಂಬ ದೊಡ್ಡ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಅದರ ಸುತ್ತಲಿನ ನೂರಾರು ಸಣ್ಣ ಪ್ರಶ್ನೆಗಳಿಗೆ ಪಣ ಕಟ್ಟುವ ಆಟ ಇದು.

ಈ ಪಟ್ಟಿಗಳಲ್ಲಿ ಎರಡು ಬಗೆ. ಒಂದು, ಕ್ರೀಡಾ ಅಂಕಣಕಾರರು ತಮಾಷೆಗೆ ಬರೆಯುವ ಭವಿಷ್ಯ. ಇನ್ನೊಂದು, ಬೆಟ್ಟಿಂಗ್ ಸಂಸ್ಥೆಗಳು ದರ ಹಚ್ಚಿ ಹೊರಡಿಸುವ ಪಟ್ಟಿ. ಎಷ್ಟೋ ಸಲ ಎರಡರಲ್ಲೂ ಪ್ರಶ್ನೆಗಳು ಒಂದೇ ಆಗಿರುತ್ತವೆ. ಆದರೂ ಇವೆರಡನ್ನು ಒಂದೇ ಪ್ರಕಾರವೆಂದು ಓದಲು ಬರುವುದಿಲ್ಲ ಎಂಬುದು ನನ್ನ ವಾದ. ಕನ್ನಡದಲ್ಲಿ ಈ ವ್ಯತ್ಯಾಸ ಪದಗಳಲ್ಲೇ ಇದೆ. ಗೆಳೆಯರಿಬ್ಬರು ಮಸಾಲೆ ದೋಸೆಗಾಗಿ ಕಟ್ಟುವುದು ಪಂಥ. ಕಟ್ಟಿದ ವಸ್ತು ಪಣ. ಅದೇ ಕಸುಬಾದರೆ ಜೂಜು. ಪಂಥ ಕಟ್ಟಿದವನನ್ನು ಮನೆಯವರು ನಕ್ಕು ಬಿಡುತ್ತಾರೆ, ಜೂಜಾಡಿದವನನ್ನು ಬಿಡುವುದಿಲ್ಲ.

ಮೊದಲು ಈ ಪ್ರಕಾರದ ಒಳ್ಳೆಯ ಗುಣ ನೋಡೋಣ. ಅದು ನೋಟವನ್ನು ಹಂಚುತ್ತದೆ. ತಾಳಮದ್ದಳೆಗೆ ಹೋಗುವವರಿಗೆ ಕರ್ಣ ಸಾಯುತ್ತಾನೆಂದು ಮೊದಲೇ ಗೊತ್ತಿರುತ್ತದೆ. ಇವತ್ತಿನ ಅರ್ಥಧಾರಿ ಕೃಷ್ಣನ ಮಾತಿಗೆ ಏನು ಉತ್ತರ ಕೊಡುತ್ತಾನೆ, ಶಲ್ಯನ ಪಾತ್ರಧಾರಿ ಎಲ್ಲಿ ಕೊಂಕು ನುಡಿಯುತ್ತಾನೆ ಎಂಬುದಕ್ಕೆ ಅವರು ಕಾದು ಕೂತಿರುತ್ತಾರೆ. ಫಲಿತಾಂಶದಿಂದ ಕಣ್ಣು ಕಿತ್ತು ವಿವರದ ಮೇಲೆ ಇಡುವುದು ಒಳ್ಳೆಯ ಓದುಗನ ಅಭ್ಯಾಸ. ಪ್ರಾಪ್ ಪಟ್ಟಿಯೂ ಅದನ್ನೇ ಕಲಿಸುತ್ತದೆ. ನಾಲ್ಕು ಡೌನ್‌ಗಳ ಲೆಕ್ಕ ತಿಳಿಯದವರೂ ಗೇಟೊರೇಡ್ ಬಣ್ಣದ ಬಗ್ಗೆ ಅಭಿಪ್ರಾಯ ಇಟ್ಟುಕೊಂಡು ಪಂದ್ಯದ ಮುಂದೆ ಕೂರಬಹುದು. ಭಾರತದಲ್ಲಿ ಸೋಮವಾರ ಬೆಳಗಿನ ಜಾವ ಐದರ ಹೊತ್ತಿಗೆ ಶುರುವಾಗುವ ಈ ಪಂದ್ಯವನ್ನು ನಿಯಮ ಗೊತ್ತಿಲ್ಲದೆಯೂ ನೋಡಿ ಮುಗಿಸಬಹುದಾದರೆ, ಅದಕ್ಕೆ ಇಂಥ ಪ್ರಶ್ನೆಗಳೇ ಕಾರಣ.

ಎರಡನೆಯ ಗುಣ: ಅದು ಉಪಪಾತ್ರಗಳನ್ನು ಮುಂದಕ್ಕೆ ತರುತ್ತದೆ. 1986ರ ಜನವರಿ 26ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಶಿಕಾಗೊ ಬೇರ್ಸ್ ಮತ್ತು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರಾದಾಗ, ಲಾಸ್ ವೇಗಸ್‌ನಲ್ಲಿ ಒಂದು ಪ್ರಶ್ನೆ ಓಡಾಡುತ್ತಿತ್ತು: ವಿಲಿಯಂ ಪೆರಿ ಟಚ್‌ಡೌನ್ ಗಳಿಸುತ್ತಾನೆಯೇ? ಪೆರಿ ರಕ್ಷಣಾ ಸಾಲಿನ ಆಟಗಾರ. ಮುನ್ನೂರು ಪೌಂಡ್ ಮೀರಿದ ಅವನ ಗಾತ್ರಕ್ಕೆ 'ರೆಫ್ರಿಜರೇಟರ್' ಎಂದೇ ಅಡ್ಡಹೆಸರು. ಚೆಂಡು ಹಿಡಿದು ಓಡುವುದು ಅವನ ಕೆಲಸವಲ್ಲ, ಆದರೆ ಆ ಋತುವಿನಲ್ಲಿ ಕೋಚ್ ಮೈಕ್ ಡಿಟ್ಕಾ ಅವನಿಗೆ ಕೆಲವು ಸಲ ಚೆಂಡು ಕೊಟ್ಟಿದ್ದರು. ಒಂದು ಡಾಲರ್‌ಗೆ ಇಪ್ಪತ್ತು ಎಂದು ಶುರುವಾದ ದರ, ಜನ ಮುಗಿಬಿದ್ದು ಹಣ ಕಟ್ಟಿದ್ದರಿಂದ ಕುಸಿಯುತ್ತ ಹೋಯಿತು. ಮೂರನೆಯ ಕ್ವಾರ್ಟರ್‌ನಲ್ಲಿ, ಗೆರೆಗೆ ಒಂದು ಗಜ ಇರುವಾಗ, ಪೆರಿ ಚೆಂಡು ಹಿಡಿದು ನುಗ್ಗಿಯೇಬಿಟ್ಟ. ಬೇರ್ಸ್ 46-10ರಿಂದ ಗೆದ್ದಿತು, ಕ್ಯಾಸಿನೊಗಳು ಆ ಪಣದಲ್ಲಿ ಸೋತವು. ಅದೇ ತಂಡದ ಮಹಾನ್ ಓಟಗಾರ ವಾಲ್ಟರ್ ಪೇಟನ್‌ಗೆ ಮಾತ್ರ ಅವತ್ತು ಒಂದೂ ಟಚ್‌ಡೌನ್ ಸಿಗಲಿಲ್ಲ. ನಾಯಕನಿಗೆ ದಕ್ಕದ್ದು ವಿದೂಷಕನಿಗೆ ದಕ್ಕಿತು. ಜನರ ನಗೆಪ್ರಶ್ನೆ ಆಟದ ಒಳಗಿನ ಒಂದು ನೋವನ್ನೂ ತೆರೆದು ತೋರಿಸಿತು.

ಮೂರನೆಯದು, ಪಂಡಿತರ ಕಥನವನ್ನು ಅದು ಕೆಲವೊಮ್ಮೆ ಗೇಲಿ ಮಾಡುತ್ತದೆ. 2014ರ ಫೆಬ್ರುವರಿ 2ರ ಪಂದ್ಯಕ್ಕೆ ಮುಂಚೆ ಎಲ್ಲರೂ ಬರೆದದ್ದು ಒಂದೇ ಕಥೆ: ಋತುವಿನಲ್ಲಿ 606 ಅಂಕಗಳ ದಾಖಲೆ ಮಾಡಿದ ಡೆನ್ವರ್ ಬ್ರಾಂಕೋಸ್‌ನ ಆಕ್ರಮಣ, ಅದಕ್ಕೆದುರಾಗಿ ಸಿಯಾಟಲ್ ಸೀಹಾಕ್ಸ್‌ನ ರಕ್ಷಣೆ. ಪಂದ್ಯ ಶುರುವಾಗಿ 12 ಸೆಕೆಂಡ್ ಆಗಿತ್ತಷ್ಟೆ. ಡೆನ್ವರ್‌ನ ಮೊದಲ ಚೆಂಡೇ ಪೇಟನ್ ಮ್ಯಾನಿಂಗ್‌ನನ್ನು ದಾಟಿ ಹಿಂದಕ್ಕೆ ಹಾರಿತು, ಎದುರಾಳಿಗೆ ಎರಡು ಅಂಕ ಸಿಕ್ಕಿತು. ಇದಕ್ಕೆ ಸೇಫ್ಟಿ ಎನ್ನುತ್ತಾರೆ. 'ಪಂದ್ಯದ ಮೊದಲ ಅಂಕ ಸೇಫ್ಟಿಯಿಂದ ಬರುತ್ತದೆ' ಎಂದು ಹುಡುಗಾಟಕ್ಕೆ ಕಟ್ಟಿದವರು ಪಂಡಿತರಿಗಿಂತ ಚೆನ್ನಾಗಿ ಭವಿಷ್ಯ ನುಡಿದಂತಾಯಿತು. ಸಿಯಾಟಲ್ 43-8ರಿಂದ ಗೆದ್ದಿತು.

ಇಷ್ಟರವರೆಗೆ ನಗು. ಈಗ ದರದ ಕಡೆ ತಿರುಗೋಣ. ಟಾಸ್‌ಗೆ ಹೆಡ್ಡು ಟೇಲು ಎರಡೂ ಸಮ, ಅದರಲ್ಲಿ ಜಾಣತನಕ್ಕೆ ಜಾಗವಿಲ್ಲ. ಆದರೆ ನೂರು ಡಾಲರ್ ಗೆಲ್ಲಲು ನೂರೈದು ಕಟ್ಟಬೇಕು ಎಂಬ ದರ ಇದ್ದರೆ, ನೂರು ಸಲ ಕಟ್ಟಿದವನು ಸರಾಸರಿಯಲ್ಲಿ 50 ಸಲ ಗೆದ್ದು 5000 ಪಡೆಯುತ್ತಾನೆ, 50 ಸಲ ಸೋತು 5250 ಕಳೆದುಕೊಳ್ಳುತ್ತಾನೆ. ಪ್ರಶ್ನೆಯ ತಮಾಷೆ ಓದುಗನಿಗೆ, ಉಳಿದ 250 ಪಟ್ಟಿ ಬರೆದವನಿಗೆ. ಅಂಕಣಕಾರನ ಭವಿಷ್ಯ ಸುಳ್ಳಾದರೆ ಅವನೇ ನಗೆಪಾಟಲಾಗುತ್ತಾನೆ. ಬೆಟ್ಟಿಂಗ್ ಸಂಸ್ಥೆ ಯಾವ ಭವಿಷ್ಯವನ್ನೂ ನುಡಿಯುವುದಿಲ್ಲ. ಪ್ರಶ್ನೆ ಕೇಳಿ, ಉತ್ತರದ ಎರಡೂ ಬದಿಯಲ್ಲಿ ಗಲ್ಲಾಪೆಟ್ಟಿಗೆ ಇಟ್ಟು ಕೂರುತ್ತದೆ. ಪೆರಿಯಂಥವರಿಂದ ಅದಕ್ಕೆ ಪೆಟ್ಟು ಬೀಳುವುದು ಅಪರೂಪಕ್ಕೊಮ್ಮೆ.

ಗೇಟೊರೇಡ್ ಪ್ರಶ್ನೆಗೆ ಇನ್ನೂ ಒಂದು ಮುಖವಿದೆ. ನಾಣ್ಯ ಯಾವ ಕಡೆ ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲ. ಡ್ರಮ್ಮಿಗೆ ಯಾವ ಬಣ್ಣದ ಪೇಯ ತುಂಬಿದೆ ಎಂಬುದು ತುಂಬಿದವನಿಗೆ ಗೊತ್ತು. ಮೊದಲ ಹಾಡು ಯಾವುದೆಂದು ಗಾಯಕನಿಗೂ ವಾದ್ಯದವರಿಗೂ ಗೊತ್ತು. ಪಟ್ಟಿಯಲ್ಲಿ ಅಕ್ಕಪಕ್ಕ ಕೂತ ಪ್ರಶ್ನೆಗಳಲ್ಲಿ ಒಂದು ದೈವದ್ದು, ಇನ್ನೊಂದು ಯಾರೋ ಒಬ್ಬರ ಗುಟ್ಟು. ಪಂಥದಲ್ಲಿ ಈ ಗುಟ್ಟಿಗೆ ಬೆಲೆಯಿಲ್ಲ, ಜೂಜಿನಲ್ಲಿ ಇದೆ.

ಆ ಬೆಲೆ ಎಲ್ಲಿಗೆ ಮುಟ್ಟುತ್ತದೆಂದು ತಿಳಿಯಲು ಬಾಸ್ಕೆಟ್‌ಬಾಲ್ ಕಡೆ ನೋಡಬೇಕು. 1992ರ ಒಂದು ಕಾನೂನು ಕ್ರೀಡಾ ಬೆಟ್ಟಿಂಗನ್ನು ಬಹುಮಟ್ಟಿಗೆ ನೆವಾಡಾ ರಾಜ್ಯಕ್ಕೆ ಸೀಮಿತಗೊಳಿಸಿತ್ತು. 2018ರ ಮೇ 14ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ ಮೇಲೆ ರಾಜ್ಯದ ಮೇಲೆ ರಾಜ್ಯ ಬಾಗಿಲು ತೆರೆಯಿತು, ಪಟ್ಟಿ ಜನರ ಮೊಬೈಲಿಗೆ ಬಂತು. ಟೊರಾಂಟೊ ರ‍್ಯಾಪ್ಟರ್ಸ್‌ನ ಜಾಂಟೆ ಪೋರ್ಟರ್ ದೊಡ್ಡ ತಾರೆಯಲ್ಲ. ಬೆಂಚಿನಿಂದ ಎದ್ದು ಬಂದು ಆಡುವ ಉಪಪಾತ್ರ. ಆದರೂ ಅವನು ಎಷ್ಟು ಅಂಕ ಗಳಿಸುತ್ತಾನೆ, ಎಷ್ಟು ರಿಬೌಂಡ್ ಹಿಡಿಯುತ್ತಾನೆ ಎಂಬುದಕ್ಕೂ ದರವಿತ್ತು. ತನ್ನ ಆರೋಗ್ಯದ ಮಾಹಿತಿಯನ್ನು ಪಣ ಕಟ್ಟುವವರಿಗೆ ಕೊಟ್ಟು, ಮೈ ಸರಿಯಿಲ್ಲವೆಂದು ಬೇಗ ಅಂಗಣ ಬಿಟ್ಟದ್ದಕ್ಕೆ 2024ರ ಏಪ್ರಿಲ್‌ನಲ್ಲಿ ಎನ್‌ಬಿಎ ಅವನನ್ನು ಆಜೀವ ನಿಷೇಧಿಸಿತು. ಅದೇ ಜುಲೈನಲ್ಲಿ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಪೆರಿಯನ್ನು ಬೆಳಕಿಗೆ ತಂದ ಅದೇ ಸಣ್ಣ ಪ್ರಶ್ನೆ ಪೋರ್ಟರ್‌ನನ್ನು ಮುಳುಗಿಸಿತು.

ಮಹಾಭಾರತದ ದ್ಯೂತಪ್ರಸಂಗ ಓದಿದವರಿಗೆ ಈ ಜಾರುದಾರಿ ಹೊಸದಲ್ಲ. ಪಣ ಸಂಪತ್ತಿನಿಂದ ತಮ್ಮಂದಿರಿಗೆ, ತಮ್ಮಂದಿರಿಂದ ತನಗೆ, ಕೊನೆಗೆ ದ್ರೌಪದಿಗೆ ಬರುತ್ತದೆ. ಅಲ್ಲಿ ಪಣಕ್ಕಿಟ್ಟ ದ್ರೌಪದಿಯೇ ಎದ್ದು ತಿರುಗಿ ಪ್ರಶ್ನೆ ಕೇಳುತ್ತಾಳೆ: ತನ್ನನ್ನೇ ಸೋತವನಿಗೆ ನನ್ನನ್ನು ಪಣವಿಡುವ ಹಕ್ಕು ಎಲ್ಲಿಯದು? ಇಂದಿನ ಪಟ್ಟಿಯಲ್ಲಿ ಆಟಗಾರನ ಪ್ರತಿ ಹೆಜ್ಜೆಗೂ ದರವಿದೆ, ಆದರೆ ಅವನು ತಿರುಗಿ ಕೇಳಲು ಜಾಗವಿಲ್ಲ. ಪೋರ್ಟರ್ ಕೇಳಲಿಲ್ಲ, ತಾನೂ ದಾಳ ಹಿಡಿದ. ಅವನ ತಪ್ಪು ಅವನದೇ. ಆದರೆ ಬೆಂಚಿನ ಆಟಗಾರನನ್ನೂ ಬಿಡದೆ ದಾಳ ಮಾಡಿಟ್ಟ ಪಟ್ಟಿಯ ಬಗ್ಗೆ ವಿಮರ್ಶೆ ಸುಮ್ಮನಿರಬಾರದು.

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಅಂಗೀಕರಿಸಿತು. ಕಾನೂನು ಆ್ಯಪ್ ಮುಚ್ಚಿಸಬಲ್ಲದು. ಆಟವನ್ನು ದರವಿಲ್ಲದೆ ನೋಡುವ ಅಭ್ಯಾಸವನ್ನು ನಾವೇ ಉಳಿಸಿಕೊಳ್ಳಬೇಕು. ಅದಕ್ಕೇ ನನಗೆ ಅಂಕಣಕಾರರ ತಮಾಷೆಯ ಭವಿಷ್ಯಗಳು ಇಷ್ಟ. ಹಳಸಿದ ಗೇಟೊರೇಡ್ ಜೋಕುಗಳನ್ನು ಪ್ರತಿ ವರ್ಷ ಬಡಿಸಿದರೂ, ಸುಳ್ಳಾಗುವ ಸ್ವಾತಂತ್ರ್ಯವನ್ನು ಅವು ಕಾಪಾಡಿವೆ. ಈಗೀಗ ಅಂಥ ಬರಹಗಳ ಪಕ್ಕದಲ್ಲೂ ದರಪಟ್ಟಿ ಬಂದು ಕೂರುತ್ತಿರುವುದು ಮಾತ್ರ ಕಸಿವಿಸಿಯ ವಿಷಯ.

ಮುಂದಿನ ಸೂಪರ್ ಬೌಲ್‌ಗೆ ನನ್ನವೂ ಮೂರು ಊಹೆ ಇರಲಿ. ಒಂದು, ಮೊದಲ ಕ್ವಾರ್ಟರ್ ಮುಗಿಯುವ ಮುಂಚೆ ವೀಕ್ಷಕ ವಿವರಣೆಕಾರರು 'ಇತಿಹಾಸ' ಎಂಬ ಪದವನ್ನು ಮೂರು ಸಲವಾದರೂ ಬಳಸುತ್ತಾರೆ. ಎರಡು, ಪಟ್ಟಿಯಲ್ಲಿ ಹೆಸರೇ ಇಲ್ಲದ ಒಬ್ಬ ಆಟಗಾರ ಪಂದ್ಯದ ದಿಕ್ಕು ತಿರುಗಿಸುತ್ತಾನೆ. ಮೂರು, ಬೆಳಗಿನ ಜಾವ ಎದ್ದು ನೋಡುತ್ತೇವೆಂದು ಶಪಥ ಮಾಡಿದ ನಮ್ಮ ಹಾಸ್ಟೆಲಿನವರಲ್ಲಿ ಅರ್ಧ ಜನ ಮಧ್ಯಂತರಕ್ಕೆ ಮುಂಚೆಯೇ ನಿದ್ದೆ ಹೋಗುತ್ತಾರೆ. ಬೇಕಾದರೆ ಪಂಥ ಕಟ್ಟಿ, ಸೋತವರು ಒಂದು ಕಾಫಿ ಕೊಡಿಸಲಿ.